ಆಗುಂಬೆ ಇಳಿಯುವ ಮುನ್ನ

ಆಗುಂಬೆಯೆಂದೊಡನೆ ಬಯಲುಸೀಮೆಯವರಿಗೆ ನೆನಪಾಗುವುದು ಸೂರ್ಯಾಸ್ತ, ಮಲೆನಾಡಿನವರಿಗೆ ಮಳೆ. ವರ್ಷವೊಂದಕ್ಕೆ ಸರಾಸರಿ 7,000 ಮಿಲಿಮೀಟರನ್ನು ಮೀರಿ ಮಳೆ ಸುರಿಯುವ ಈ ಪುಟ್ಟ ಊರಿನ ಕೀರ್ತಿ ನಾಡಿನಲ್ಲೆಲ್ಲ ಹಬ್ಬಿದೆ. ಆದರೆ ತೀರ್ಥಹಳ್ಳಿಗೂ ಉಡುಪಿಗೂ ನಡುವೆ ಆಗಾಗ ಹೋಗಿಬರುವವರ ಪಾಲಿಗೆ ಆಗುಂಬೆ ಮೊಟ್ಟಮೊದಲು ಒಂದು ಇಳಿಜಾರು. ಮೇಗರವಳ್ಳಿಯನ್ನು ದಾಟಿ, ಅಡಕೆಯ ತೋಟಗಳ ಅಂಚಿನಲ್ಲಿ ನಿಶ್ಚಿಂತವಾಗಿ ಓಡುತ್ತಿದ್ದ ರಸ್ತೆ ಆಗುಂಬೆಯ ಆಚೆಗೆ ಥಟ್ಟನೆ ಬಾಗುತ್ತದೆ. ಅಲ್ಲಿಂದ ಸೋಮೇಶ್ವರದ ತನಕ ಹದಿನಾಲ್ಕು ಕಡಿದಾದ ತಿರುವುಗಳು. ಸಹ್ಯಾದ್ರಿಯ ಹೆಗಲಿನಿಂದ ಅದರ ಪಾದಕ್ಕೆ, ಸುಮಾರು ಐನೂರು ಮೀಟರುಗಳಷ್ಟು, ಕೆಲವೇ ಮೈಲಿಗಳಲ್ಲಿ ಇಳಿದುಬಿಡುತ್ತೇವೆ.

ಏರುವಾಗ ಕಾರಿನ ಶ್ರಮ ಎಲ್ಲರಿಗೂ ತಿಳಿಯುತ್ತದೆ. ಎಂಜಿನ್ನು ಗೊಣಗುತ್ತದೆ, ಮಕ್ಕಳೂ ಮುಂದಕ್ಕೆ ಬಾಗಿ ತಮ್ಮ ಪಾಲಿನ ನೆರವನ್ನು ನೀಡುತ್ತಾರೆ. ಇಳಿಯುವಾಗಿನ ಶ್ರಮ ಯಾರಿಗೂ ಕಾಣುವುದಿಲ್ಲ. ನಾಲ್ವರನ್ನು ಕೂರಿಸಿಕೊಂಡು 1,400 ಕಿಲೋಗ್ರಾಂ ತೂಗುವ ಕಾರೊಂದು 500 ಮೀಟರ್ ಕೆಳಗಿಳಿಯಿತೆನ್ನಿ. ಲೆಕ್ಕ ಹಾಕಿದರೆ, ಅದು ಕಳೆದುಕೊಳ್ಳುವ ಶಕ್ತಿ ಇಪ್ಪತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಸಾಕು. ಮಲೆನಾಡಿನ ಬಚ್ಚಲಲ್ಲಿ ಹಂಡೆಯ ನೀರನ್ನು ಕಾಯಿಸಲು ಎಷ್ಟು ಸೌದೆ ಉರಿಯುತ್ತದೆಂಬುದನ್ನು ಬಲ್ಲವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಚಾಲಕನು ಎಂಜಿನ್ನಿನ ಹಿಡಿತವನ್ನು ಬಳಸಿಕೊಳ್ಳದಿದ್ದರೆ, ಆ ಬೆಂಕಿಯ ಬಹುಪಾಲನ್ನು ಚಕ್ರಗಳ ಒಳಗಿರುವ ನಾಲ್ಕು ಕಬ್ಬಿಣದ ತಟ್ಟೆಗಳೂ ಅವನ್ನು ಒತ್ತಿ ಹಿಡಿಯುವ ಕೆಲವು ಅಂಗುಲಗಳ ಪ್ಯಾಡುಗಳೂ ನುಂಗಬೇಕು.

ನಮ್ಮ ಮನೆಯವರಿಗೆ ಈ ಘಾಟಿ ವಿಹಾರದ ದಾರಿಯಲ್ಲ. ತಂದೆಯವರ ಹೃದಯದ ತಪಾಸಣೆಗಾಗಿ ಎರಡು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಬೇಕು. ತೀರ್ಥಹಳ್ಳಿಯವರಿಗೆ ಅದಕ್ಕೆ ಹತ್ತಿರದ ಹಾದಿ ಇದೇ. ಇತ್ತೀಚೆಗೆ ಕೊಂಡ ಹಳೆಯ ಕಾರಿನಲ್ಲಿ, ಬ್ರೇಕನ್ನು ಒತ್ತಿದಾಗಲೆಲ್ಲ ಹಿಂದಿನ ಎಡಚಕ್ರದಿಂದ ಬಾಣಲಿಯನ್ನು ಕಲ್ಲಿನಿಂದ ಉಜ್ಜಿದಂಥ ಸದ್ದೊಂದು ಹೊರಡತೊಡಗಿತು. ತಪಾಸಣೆಗೆ ಇನ್ನು ಹತ್ತು ದಿನ ಉಳಿದಿತ್ತು.

ನಮ್ಮ ಬೀದಿಯಲ್ಲಿ ಬಸ್ಸುಗಳ ಗ್ಯಾರೇಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಸದ್ದನ್ನು ಕೇಳಿ ಅವರು, “ಕೈ ನಿಮ್ಮದಿರಲಿ, ಕಣ್ಣು ನನ್ನದಿರಲಿ. ಅಂಗಳದಲ್ಲೇ ಮಾಡೋಣ. ಒಳಗೇನಿದೆಯೆಂದು ಒಮ್ಮೆ ಕಂಡವನು ಘಾಟಿಯಲ್ಲಿ ಬೇರೆ ರೀತಿಯಾಗಿ ಕಾರು ಬಿಡುತ್ತಾನೆ” ಎಂದರು. ವ್ಯಾಕರಣ ಹೇಳಿಕೊಡುವವನಿಗೆ ಸ್ಪ್ಯಾನರು ಹಿಡಿಯುವ ಆಮಂತ್ರಣ! ಹೆಂಡತಿ ನಕ್ಕಳು. ಆದರೆ ತಡೆಯಲಿಲ್ಲ.

ಹಿಂದಿನ ಚಕ್ರದ ಕೆಲಸಕ್ಕೆ ಒಂದು ವೈಚಿತ್ರ್ಯವಿದೆ. ಕಾರು ಜರುಗದಿರಲೆಂದು ನಾವು ಸದಾ ನಂಬುವ ಕೈಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಅವನ್ನು ಬಿಚ್ಚಬೇಕಾದರೆ ಅದನ್ನೇ ಸಡಿಲಿಸಬೇಕು. ಆದ್ದರಿಂದ ಮುಂದಿನ ಚಕ್ರಗಳಿಗೆ ಹಿಂದೂ ಮುಂದೂ ಮರದ ತುಂಡುಗಳನ್ನು ಒತ್ತಿ, ಕಾರನ್ನು ಮೊದಲ ಗೇರಿನಲ್ಲಿಟ್ಟೆವು. ಚಕ್ರದ ಬೋಲ್ಟುಗಳನ್ನು ನೆಲದ ಮೇಲಿರುವಾಗಲೇ ತುಸು ಸಡಿಲಿಸಿ, ಆಮೇಲೆ ಜ್ಯಾಕನ್ನು ಏರಿಸಿದೆವು. “ಜ್ಯಾಕು ಎತ್ತುವುದಕ್ಕೆ, ಹೊರುವುದಕ್ಕಲ್ಲ” ಎಂದು ಹೇಳಿ ಹಿರಿಯರು ಉಕ್ಕಿನ ಸ್ಟ್ಯಾಂಡನ್ನು ಸರಿಯಾದ ಜಾಗಕ್ಕೆ ಕೊಟ್ಟ ಮೇಲೆಯೇ ನನ್ನನ್ನು ಹತ್ತಿರಕ್ಕೆ ಬಿಟ್ಟರು. ಕಾರಿನ ಅಡಿಗೆ ಕಲ್ಲನ್ನೋ ಇಟ್ಟಿಗೆಯನ್ನೋ ಕೊಡುವ ರೂಢಿಯನ್ನು ಅವರು ಸರ್ವಥಾ ಒಪ್ಪುವವರಲ್ಲ. ಇಟ್ಟಿಗೆ ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲವಂತೆ.

ಚಕ್ರ ಹೊರಬಂತು. ಒಳಗಿನ ಪ್ಯಾಡು ಸವೆದು ಅದರ ಉಕ್ಕಿನ ಬೆನ್ನೇ ತಟ್ಟೆಯನ್ನು ಕೆರೆಯುತ್ತಿತ್ತು. ತಟ್ಟೆಯ ಮೇಲೆ ಹಾಡುತಟ್ಟೆಯಲ್ಲಿರುವಂತೆ ಗೆರೆಗಳು. ಅಂಚಿನಲ್ಲಿ ತುಕ್ಕಿನ ಏರಿ. ಹೊಸದಿದ್ದಾಗ ಅದರ ದಪ್ಪ 10 ಮಿಲಿಮೀಟರು. 8ಕ್ಕಿಂತ ತೆಳುವಾದರೆ ಬದಲಿಸಬೇಕೆಂಬ ಮಾತು ತಟ್ಟೆಯ ಮೈಮೇಲೆಯೇ ಅಚ್ಚಾಗಿತ್ತು. ಅಳೆದಾಗ 7.6 ಬಂತು. ಹಿರಿಯರು ಏನೂ ಹೇಳದೆ ಅಳತೆಗೋಲನ್ನು ನನ್ನ ಕೈಗಿತ್ತರು. ಜಗಲಿಯ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದ ತಂದೆಯವರತ್ತ ನನ್ನ ದೃಷ್ಟಿ ತಾನಾಗಿ ಹೊರಳಿತು.

ಬ್ರೇಕು ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳಿಗೇ ದುಡಿಮೆ ಹೆಚ್ಚು. ಇಳಿಜಾರಿನಲ್ಲಂತೂ ಇನ್ನೂ ಹೆಚ್ಚು. ಹಿಂದಿನವು ಮನೆಯಲ್ಲಿ ಸದ್ದಿಲ್ಲದೆ ಕೆಲಸ ಮಾಡುವವರಂತೆ: ಇದ್ದಾಗ ಯಾರೂ ಗಮನಿಸುವುದಿಲ್ಲ, ಇಲ್ಲವಾದಾಗ ಎಲ್ಲ ಭಾರವೂ ಉಳಿದವರ ಮೇಲೆ ಬೀಳುತ್ತದೆ. ಹಿಂದಿನ ಬ್ರೇಕು ಸೋತರೆ ಅದರ ಪಾಲಿನ ಕಾವನ್ನೂ ಮುಂದಿನವೇ ಹೊರಬೇಕು. ದುಡಿಮೆ ಕಡಿಮೆಯಿರುವ ಕಾರಣ ನಮ್ಮ ತೇವದ ಸೀಮೆಯಲ್ಲಿ ಈ ಹಿಂದಿನ ತಟ್ಟೆಗಳಿಗೆ ತುಕ್ಕೂ ಬೇಗ. ನಮ್ಮ ದೇಶದ ಅನೇಕ ಸಣ್ಣ ಕಾರುಗಳಲ್ಲಿ ಹಿಂದೆ ತಟ್ಟೆಯ ಬದಲು ಡ್ರಮ್ಮುಗಳಿರುತ್ತವೆ. ಅವುಗಳ ಕೆಲಸದ ಕ್ರಮವೇ ಬೇರೆ.

ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರನ್ನು ಬಿಚ್ಚಿದ ಮೇಲೆ ಅದನ್ನು ರಬ್ಬರಿನ ಕೊಳವೆಯಿಂದ ಜೋಲಾಡಲು ಬಿಡಬಾರದು. ತಂತಿಯಿಂದ ಮೇಲಕ್ಕೆ ಕಟ್ಟಬೇಕು. ಹಳೆಯ ತಟ್ಟೆ ತುಕ್ಕಿನಿಂದ ನಡುಗುಂಬಕ್ಕೆ ಅಂಟಿಕೊಂಡಿತ್ತು. ಸುತ್ತಲೂ ಸುತ್ತಿಗೆಯಿಂದ ಮೆಲ್ಲಮೆಲ್ಲನೆ ತಟ್ಟಿದ ಮೇಲೆ ಕಳಚಿ ಬಂತು. ನಡುಗುಂಬದ ಮೇಲಿನ ತುಕ್ಕನ್ನೆಲ್ಲ ತಂತಿಕುಂಚದಿಂದ ಉಜ್ಜಿ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಅಲ್ಲೊಂದು ಕಣ ಉಳಿದರೂ ಹೊಸ ತಟ್ಟೆ ಓರೆಯಾಗಿ ಕುಳಿತು, ಬ್ರೇಕು ಒತ್ತಿದಾಗ ಪೆಡಲು ನಡುಗುತ್ತದೆ. ಧೂಳನ್ನು ಬಾಯಿಂದ ಊದಲು ಹಿರಿಯರು ಬಿಡಲಿಲ್ಲ. ಹಿಂದಿನ ಕಾಲದ ಪ್ಯಾಡುಗಳಲ್ಲಿ ಶ್ವಾಸಕೋಶವನ್ನು ಕೆಡಿಸುವ ಕಲ್ನಾರು ಇರುತ್ತಿತ್ತು. ಇಂದಿನ ಧೂಳು ಕೂಡ ಉಸಿರಿಗೆ ಹಿತವಲ್ಲ. ಒದ್ದೆಬಟ್ಟೆಯಿಂದ ಒರೆಸಿದೆವು.

ಹೊಸ ಪ್ಯಾಡುಗಳು ದಪ್ಪವಾದ್ದರಿಂದ ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ಸರಿಸಬೇಕು. ಮುಂದಿನ ಚಕ್ರವಾಗಿದ್ದರೆ ಸುಮ್ಮನೆ ಒತ್ತಿದರಾಯಿತು. ನಮ್ಮ ಕಾರಿನ ಹಿಂದಿನ ಕ್ಯಾಲಿಪರಿನೊಳಗೆ ಕೈಬ್ರೇಕಿನ ತಿರುಪು ಅಡಗಿರುವುದರಿಂದ ಪಿಸ್ಟನ್ನನ್ನು ತಿರುಗಿಸುತ್ತಲೇ ಒತ್ತಬೇಕು. ಅದಕ್ಕೆ ತಕ್ಕ ಸಲಕರಣೆ ಬೇಕು. ಬಲ ಪ್ರಯೋಗಿಸಿದರೆ ಒಳಗಿನ ಯಂತ್ರವೇ ಮುರಿಯುತ್ತದೆ. ಗುಂಡಿಯೊತ್ತಿ ವಿದ್ಯುತ್ತಿನಿಂದ ಕೈಬ್ರೇಕು ಹಾಕುವ ಹೊಸ ಕಾರುಗಳಲ್ಲಾದರೆ ಮೊದಲು ಅದನ್ನು ದುರಸ್ತಿಯ ಸ್ಥಿತಿಗೆ ತರಬೇಕು. ಅದಕ್ಕೆ ಸೌಕರ್ಯವಿಲ್ಲದವರು ಗ್ಯಾರೇಜಿಗೆ ಹೋಗುವುದೇ ಲೇಸು. ಹೊಸ ತಟ್ಟೆಗೆ ಸವರಿದ್ದ ರಕ್ಷಣೆಯ ಎಣ್ಣೆಯನ್ನು ತೊಳೆದು, ಜಾರುಗೂಟಗಳಿಗೆ ಮಾತ್ರ ಬ್ರೇಕಿನ ಗ್ರೀಸು ಹಚ್ಚಿ, ಎಲ್ಲವನ್ನೂ ಮರಳಿ ಕೂಡಿಸಿದೆವು. ಸಮಾಸವನ್ನು ವಿಗ್ರಹಿಸಿ ಮತ್ತೆ ಕೂಡಿಸಿದಂತೆಯೇ ಇದೂ. ಒಂದು ಪದವೂ ಉಳಿಯಬಾರದು. ಬೋಲ್ಟುಗಳನ್ನು ತೋಳಿನ ಅಂದಾಜಿಗೆ ಬಿಡದೆ, ಕೈಪಿಡಿ ಹೇಳಿದಷ್ಟೇ ಬಿಗಿಯನ್ನು ಅಳೆದು ಕೊಟ್ಟೆವು. ಒಂದು ಬದಿ ಮುಗಿದ ಮೇಲೆಯೇ ಇನ್ನೊಂದನ್ನು ಬಿಚ್ಚಿದೆವು: ಸಂದೇಹ ಬಂದರೆ ನೋಡಿಕೊಳ್ಳಲು ಮಾದರಿಯೊಂದು ಬೇಕಷ್ಟೆ! ಎಡಗಡೆಯೊಂದೇ ಸವೆದಿದ್ದರೂ ಎರಡನ್ನೂ ಬದಲಿಸುವುದು ನಿಯಮ. ಇಲ್ಲವಾದರೆ ಎರಡು ಚಕ್ರಗಳ ಹಿಡಿತ ಸಮನಾಗಿರುವುದಿಲ್ಲ.

ಕೆಲಸ ಮುಗಿಯಿತೆಂದು ನಾನು ಚಾಲಕನ ಪೀಠದಲ್ಲಿ ಕುಳಿತಾಗ ಹಿರಿಯರು ಬಾಗಿಲಿಗೆ ಕೈ ಅಡ್ಡಹಿಡಿದರು. “ಮೊದಲು ಪೆಡಲು ಒತ್ತಿ.” ಒತ್ತಿದರೆ ಅದು ನೆಲದ ತನಕ ಹೋಯಿತು! ಪಿಸ್ಟನ್ನುಗಳು ಹಿಂದೆ ಸರಿದಿರುವುದರಿಂದ ಮೊದಲ ಕೆಲವು ಒತ್ತುಗಳು ಹೀಗೆ ಖಾಲಿಯಾಗಿಯೇ ಹೋಗುತ್ತವೆ. ಮತ್ತೆ ಮತ್ತೆ ಒತ್ತಿ ಪೆಡಲು ಗಟ್ಟಿಯಾದ ಮೇಲಲ್ಲದೆ ಕಾರನ್ನು ಒಂದು ಅಡಿಯೂ ಕದಲಿಸಬಾರದು. ದ್ರವದ ಮಟ್ಟವನ್ನು ನೋಡಿ, ಕೈಬ್ರೇಕನ್ನು ಹಲವು ಸಲ ಎಳೆದು, ಓಣಿಯಲ್ಲಿ ನಡಿಗೆಯ ವೇಗದಲ್ಲಿ ನಿಲ್ಲಿಸಿ ನೋಡಿದೆವು.

ದ್ರವದ ವಿಚಾರವಾಗಿ ಒಂದು ಮಾತು. ಡಾಟ್ 4 ಎಂಬ ದರ್ಜೆಯ ಬ್ರೇಕು ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯದೆ ನಿಲ್ಲಬೇಕು. ಆದರೆ ಅದು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು; ಹೀಗೆ ತೇವಗೊಂಡಾಗ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿಯ ನಡುವೆ ಅದು ಕುದಿದರೆ ಕೊಳವೆಯಲ್ಲಿ ಆವಿ ತುಂಬಿ, ಪೆಡಲು ಒತ್ತಿದರೂ ಆ ಒತ್ತಡ ಚಕ್ರವನ್ನು ತಲುಪುವುದಿಲ್ಲ. ಮಳೆಯ ನಾಡಿನಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ದುಂದುವೆಚ್ಚವಲ್ಲ. ನಮ್ಮ ಕಾರಿನಲ್ಲಿಯೂ ಅದನ್ನು ಬದಲಿಸಿ, ಕೊಳವೆಯೊಳಗಿನ ಗಾಳಿಯನ್ನು ಹೊರಡಿಸುವ ಕೆಲಸವನ್ನು ಹಿರಿಯರೇ ಮರುದಿನ ನಿಂತು ಮಾಡಿಸಿದರು.

ಬೆಟ್ಟಗಳೇ ಮನುಷ್ಯನಿಗೆ ಬ್ರೇಕಿನ ಪಾಠ ಕಲಿಸಿದವೆಂದರೆ ಅತಿಶಯೋಕ್ತಿಯಾಗದು. ಇಂಗ್ಲೆಂಡಿನ ಡರ್ಬಿಷೈರಿನ ಗುಡ್ಡಗಾಡಿನಲ್ಲಿ ಬಂಡಿಯವರು ಇಳಿಜಾರಿನಲ್ಲಿ ಮರದ ಬ್ರೇಕುಗಳಿಗೆ ಹಳೆಯ ಬೂಟುಗಳನ್ನು ಕಟ್ಟುತ್ತಿದ್ದರಂತೆ. ಅದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬಾತನು 1897ರಲ್ಲಿ ಉತ್ತಮವಾದ ಬ್ರೇಕು ಪಟ್ಟಿಗಳ ತಯಾರಿಕೆಗೆ ಕೈಹಾಕಿದನು. ತಟ್ಟೆಯ ಬ್ರೇಕಿಗೆ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರನು ಹಕ್ಕುಪತ್ರ ಪಡೆದದ್ದು 1902ರಲ್ಲಿ. 1953ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು ಜಾಗ್ವಾರ್ ಕಾರು ಗೆದ್ದಾಗ ಅದರಲ್ಲಿದ್ದುದು ಈ ಬಗೆಯ ಬ್ರೇಕೇ. ಓಟದ ಪಂದ್ಯದಲ್ಲಿಯೂ ನಿಲ್ಲಬಲ್ಲವನಿಗೇ ವೇಗದ ಧೈರ್ಯ ಬರುತ್ತದೆ.

ಹೊಸ ಪ್ಯಾಡಿಗೂ ಹೊಸ ತಟ್ಟೆಗೂ ಪರಸ್ಪರ ಪರಿಚಯವಾಗಬೇಕು. ಅದಕ್ಕಾಗಿ ತುಂಗೆಯ ಮಗ್ಗುಲಲ್ಲೇ ಸಾಗುವ ಮಂಡಗದ್ದೆಯ ರಸ್ತೆಯಲ್ಲಿ, ಹಿಂದೆ ಯಾವ ವಾಹನವೂ ಇಲ್ಲದ ಸಮಯ ನೋಡಿ, ಗಂಟೆಗೆ ಐವತ್ತು ಕಿಲೋಮೀಟರಿನ ವೇಗದಿಂದ ಹದಿನೈದಕ್ಕೆ ಇಳಿಸುತ್ತ, ಪೂರ್ಣ ನಿಲ್ಲಿಸದೆ, ನಡುನಡುವೆ ತಣಿಯಲು ಬಿಡುತ್ತ, ಇಪ್ಪತ್ತು ಬಾರಿ ಬ್ರೇಕು ಒತ್ತಿದೆ. ಸದ್ದು ಅಡಗಿತ್ತು.

ಹತ್ತನೆಯ ದಿನದ ಬೆಳಗ್ಗೆ ಆಗುಂಬೆಯಲ್ಲಿ ಮಂಜು ದಟ್ಟವಾಗಿತ್ತು. ಏರಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಘಾಟಿಯ ಚಾಲಕರ ಹಳೆಯ ಸೂತ್ರ. ಎರಡನೆಯ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದಿತ್ತು. ತಿರುವು ಬರುವ ಮೊದಲೇ ಒಮ್ಮೆ ದೃಢವಾಗಿ ಬ್ರೇಕು ಒತ್ತಿ ಬಿಡುವುದು. ದಾರಿಯುದ್ದಕ್ಕೂ ಕಾಲನ್ನು ಅದರ ಮೇಲೆಯೇ ಊರುವುದಲ್ಲ. ಏರಿಬರುವ ವಾಹನಕ್ಕೆ ದಾರಿ ಬಿಟ್ಟು ಎರಡು ಕಡೆ ನಿಂತೆವು. ಒಂದು ಕಡೆ ಮಂಜು ಸೀಳಿ, ಕೆಳಗೆ ಕಾಡಿನ ಕಡುಹಸುರು ಕ್ಷಣಕಾಲ ಕಾಣಿಸಿ ಮರೆಯಾಯಿತು.

ಸೋಮೇಶ್ವರದಲ್ಲಿ ಇಳಿದು ನಾಲ್ಕು ಚಕ್ರಗಳ ಬಳಿಯೂ ಅಂಗೈಯನ್ನು ಮುಟ್ಟಿಸದೆ ಹಿಡಿದು ನೋಡಿದೆ. ಹಿಂದಿನ ಎರಡರ ಕಾವೂ ಒಂದೇ ಸಮನಾಗಿತ್ತು, ಸುಟ್ಟ ವಾಸನೆಯಿರಲಿಲ್ಲ. ಅಲ್ಲಿಂದ ದಾರಿ ಸಮತಟ್ಟು. ಹೆಬ್ರಿಯ ಪೇಟೆಯಲ್ಲಿ ಯಾರೋ ಹಾರನ್ನು ಬಾರಿಸಿದ್ದಕ್ಕೆ ಹಿಂದಿನ ಪೀಠದಲ್ಲಿ ತಂದೆಯವರು ಕಣ್ಣು ತೆರೆದು, ಶಾಲನ್ನು ಸರಿಪಡಿಸಿಕೊಂಡು, ಹೊರಗೆ ನೋಡುತ್ತ ಕೇಳಿದರು: “ಘಾಟಿ ಇನ್ನೂ ಬರಲಿಲ್ಲವೇನೋ?”