ಹೆಪ್ಪಿಗೂ ಹೆಪಾರಿನ್‌ಗೂ ನಂಟಿಲ್ಲ

ಹಾಲಿಗೆ ಹಾಕುವ ಹೆಪ್ಪಿಗೂ ಹೆಪಾರಿನ್ ಎಂಬ ಔಷಧಕ್ಕೂ ಯಾವ ನಂಟೂ ಇಲ್ಲ. ತರಗತಿಯಲ್ಲಿ ಇದನ್ನು ಪ್ರತಿವರ್ಷ ಹೇಳಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟಿಸುವುದರಿಂದ ಆ ಹೆಸರು ಬಂತೇ ಸಾರ್ ಎಂದು ಒಬ್ಬ ಹುಡುಗನಾದರೂ ಕೇಳದೆ ಇರುವುದಿಲ್ಲ. ಅದರ ಕೆಲಸ ತದ್ವಿರುದ್ಧ, ರಕ್ತ ಹೆಪ್ಪುಗಟ್ಟದಂತೆ ತಡೆಯುವುದು. ಗ್ರೀಕ್ ಭಾಷೆಯಲ್ಲಿ ‘ಹೆಪಾರ್’ ಎಂದರೆ ಯಕೃತ್ತು. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪ್ರೊಫೆಸರ್ ಹೋವೆಲ್ ಅವರ ಪ್ರಯೋಗಾಲಯದಲ್ಲಿದ್ದ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿ, ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕಲು ಹೋಗಿ ಯಕೃತ್ತಿನಲ್ಲಿ ಹೆಪ್ಪು ತಡೆಯುವ ವಸ್ತುವನ್ನು ಕಂಡ. ಈಗ ಅದನ್ನು ಹೆಚ್ಚಾಗಿ ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ.

ಇಷ್ಟೆಲ್ಲ ಪೀಠಿಕೆಗೆ ಕಾರಣ ನಮ್ಮ ಭಾವ. ಪುತ್ತೂರು ಕಡೆಯ ತೋಟ ಬಿಟ್ಟು ಮಂಗಳೂರಿನಲ್ಲೇ ಮನೆ ಮಾಡಿದ್ದಾರೆ. ಮೂತ್ರಪಿಂಡ ಸೋತು ಎರಡು ವರ್ಷವಾಯಿತು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ರಕ್ತ ಮೈಯಿಂದ ಹೊರಬಂದು ಕೊಳವೆಗಳಲ್ಲಿ ಸುತ್ತುವಾಗ ಗಟ್ಟಿಯಾಗಬಾರದೆಂದು ಹೆಪಾರಿನ್ ಕೊಡುತ್ತಾರೆ. ಇದಲ್ಲದೆ ಊಟದ ಜೊತೆ ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆ. ಆಹಾರದ ರಂಜಕವನ್ನು ಕರುಳಿನಲ್ಲೇ ಹಿಡಿದು ಹೊರಗೆ ಹಾಕಲು ಅದು ಬೇಕು.

ಮೊನ್ನೆ ಅಕ್ಕನ ಫೋನು. “ಅಕ್ಕಿ ಡಬ್ಬದ ಹಿಂದೆ ಮಾತ್ರೆಯ ಪಟ್ಟಿ ಸಿಕ್ಕಿತು ಮಾರಾಯ. ಒಂದೂ ಒಡೆದಿಲ್ಲ. ಮೈಯೆಲ್ಲ ತುರಿಕೆ ಅಂತ ರಾತ್ರಿ ನಿದ್ದೆಯೂ ಇಲ್ಲ ಇವರಿಗೆ.” ಹೋಗಿ ಕೇಳಿದರೆ ಭಾವನ ಬಳಿ ಉತ್ತರ ಸಿದ್ಧವಿತ್ತು. ಕ್ಯಾಲ್ಸಿಯಂ ರಕ್ತ ಗಟ್ಟಿ ಮಾಡುತ್ತದೆ, ಹೆಪಾರಿನ್ ತಡೆಯುತ್ತದೆ, ಎರಡನ್ನೂ ತೆಗೆದುಕೊಂಡರೆ ಮೆಷಿನ್ನಿನಲ್ಲಿ ರಕ್ತ ಕಟ್ಟುತ್ತದೆ ಎಂದು ಪಕ್ಕದ ಹಾಸಿಗೆಯವರು ಹೇಳಿದ್ದರಂತೆ. “ಕ್ಯಾಲ್ಸಿಯಂ ಇಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ ಅಂತ ನೀನೇ ಪಾಠ ಮಾಡುವುದಲ್ಲವಾ ಮಾಸ್ಟ್ರೇ?”

ಅದೇನೋ ನಿಜ. ಫ್ರಾನ್ಸಿನ ಆರ್ಥಸ್ 1890ರಲ್ಲೇ ಅದನ್ನು ತೋರಿಸಿದ್ದರು. ಆದರೆ ಹೆಪ್ಪು ತಡೆಯಲು ದಾರಿ ಎರಡಿವೆ. ವೆನ್ಲಾಕ್‌ನಲ್ಲಿ ರಕ್ತದಾನ ಮಾಡಿದವರು ಚೀಲದೊಳಗೆ ಸ್ವಲ್ಪ ದ್ರವ ಇರುವುದನ್ನು ನೋಡಿರುತ್ತೀರಿ. ಅದರಲ್ಲಿರುವ ಸಿಟ್ರೇಟ್ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುತ್ತದೆ. ಹೆಪಾರಿನ್ ಹಾಗಲ್ಲ. ನಮ್ಮ ರಕ್ತದಲ್ಲೇ ಆಂಟಿಥ್ರಾಂಬಿನ್ ಎಂಬ ಪ್ರೊಟೀನ್ ಇದೆ. ಹೆಪಾರಿನ್ ಅದರ ಕೈ ಹಿಡಿದು ಅದರ ವೇಗವನ್ನು ಸಾವಿರ ಪಟ್ಟು ಹೆಚ್ಚಿಸುತ್ತದೆ. ಹೆಪ್ಪುಗಟ್ಟಿಸುವ ಥ್ರಾಂಬಿನ್ ಆಗ ಸುಮ್ಮನಾಗುತ್ತದೆ.

ನಾನು ಆಟದ ಉದಾಹರಣೆ ಕೊಟ್ಟೆ. ಸಿಟ್ರೇಟ್ ಎಂದರೆ ಚೆಂಡೆ ಅಡಗಿಸಿಟ್ಟ ಹಾಗೆ, ಮರಳಿ ತಂದಿಟ್ಟರೆ ಆಟ ಮುಂದುವರಿಯುತ್ತದೆ. ಹೆಪಾರಿನ್ ಎಂದರೆ ಬಣ್ಣದ ವೇಷವನ್ನೇ ಚೌಕಿಯಲ್ಲಿ ಕೂಡಿಹಾಕಿದ ಹಾಗೆ, ಇನ್ನು ಹತ್ತು ಚೆಂಡೆ ತಂದರೂ ರಂಗಸ್ಥಳ ಖಾಲಿಯೇ. ಸಿಟ್ರೇಟ್ ಹಾಕಿದ ರಕ್ತಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಹೆಪಾರಿನ್ ಸಾಕಷ್ಟಿರುವ ರಕ್ತ ಜಗ್ಗುವುದಿಲ್ಲ. ಹೆಪಾರಿನ್‌ಗೆ ವೈದ್ಯರು ಕೊಡುವ ಪ್ರತ್ಯೌಷಧ ಪ್ರೊಟಮೀನ್, ಮೀನಿನ ವೀರ್ಯದಲ್ಲಿ ಸಿಕ್ಕಿದ ಪ್ರೊಟೀನ್. ಕ್ಯಾಲ್ಸಿಯಂ ಅಲ್ಲ.

ಹಾಗೆಂದು ಇವೆರಡಕ್ಕೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಹೆಪಾರಿನ್ ಕಣದ ತುಂಬ ಋಣವಿದ್ಯುದಂಶ, ಕ್ಯಾಲ್ಸಿಯಂ ಅಯಾನಿನದು ಧನವಿದ್ಯುದಂಶ. ಅಂಟಿಕೊಳ್ಳದೆ ಬಿಡುತ್ತವೆಯೇ? ಹೆಪಾರಿನ್ ಸವರಿದ ಸಿರಿಂಜಿನಲ್ಲಿ ರಕ್ತ ತೆಗೆದು ಪರೀಕ್ಷಿಸಿದರೆ ಕ್ಯಾಲ್ಸಿಯಂ ಇದ್ದುದಕ್ಕಿಂತ ಕಡಿಮೆ ತೋರಿಸಬಹುದು. ಅದಕ್ಕಾಗಿಯೇ ಮೊದಲೇ ಕ್ಯಾಲ್ಸಿಯಂ ಸೇರಿಸಿ ಸರಿದೂಗಿಸಿದ ಹೆಪಾರಿನ್ ಇರುವ ಸಿರಿಂಜುಗಳು ಬಂದಿವೆ. ಹೆಪಾರಿನ್ ಸೋಡಿಯಂ ಲವಣವಾಗಿಯೂ ಕ್ಯಾಲ್ಸಿಯಂ ಲವಣವಾಗಿಯೂ ತಯಾರಾಗುತ್ತದೆ. ಎರಡೂ ಹೆಪ್ಪು ತಡೆಯುತ್ತವೆ. ಭಾವನ ಹೆದರಿಕೆಯಂತೆ ಆಗುವುದಿದ್ದರೆ ಎರಡನೆಯದು ಔಷಧವೇ ಆಗುತ್ತಿರಲಿಲ್ಲ.

ಇಷ್ಟು ಹೇಳಿದರೂ ಭಾವನ ತಲೆ ಅಲ್ಲಾಡಲಿಲ್ಲ. ಕೊನೆಗೆ ನೆರವಿಗೆ ಬಂದದ್ದು ಇಂಬಳ. “ಭಾವ, ಮಳೆಗಾಲದಲ್ಲಿ ತೋಟದಲ್ಲಿ ಇಂಬಳ ಕಚ್ಚಿದರೆ ಏನು ಮಾಡುತ್ತಿದ್ದಿರಿ?”

“ಸುಣ್ಣ ಮುಟ್ಟಿಸುವುದು. ಆಗ ಬೀಳುತ್ತದೆ.”

“ರಕ್ತ ನಿಲ್ಲುತ್ತದಾ?”

“ಎಲ್ಲಿಂದ! ಮತ್ತೂ ಸುರಿಯುತ್ತಾ ಇರುತ್ತದೆ.”

ಸುಣ್ಣವೆಂದರೆ ಕ್ಯಾಲ್ಸಿಯಂ. ಇಂಬಳದ ಎಂಜಲಿನಲ್ಲಿರುವುದು ಹೆಪಾರಿನ್ ಅಲ್ಲ, ಬೇರೆಯೇ ವಸ್ತು. ಆದರೆ ಅದರ ಜಾತಿಯವು ಹಿಡಿಯುವುದೂ ಹೆಪ್ಪುಗಟ್ಟಿಸುವ ಪ್ರೊಟೀನ್‌ಗಳನ್ನೇ, ಕ್ಯಾಲ್ಸಿಯಂ ಅನ್ನು ಅಲ್ಲ. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಕ್ಕ ಒಳಗಿನಿಂದ ಮಾತ್ರೆಯ ಪಟ್ಟಿ ತಂದು ಮೇಜಿನ ಮೇಲಿಟ್ಟಳು.

ಕ್ಯಾಲ್ಸಿಯಂ ಬಗ್ಗೆ ಹೆದರಿಕೆಯೇ ಬೇಡವೆಂದು ನಾನು ಹೇಳಲಾರೆ. ಅತಿಯಾದರೆ ರಕ್ತನಾಳದ ಗೋಡೆಗಳಲ್ಲಿ ಸುಣ್ಣ ಕೂರುತ್ತದೆ, ಮೂತ್ರಪಿಂಡದ ರೋಗಿಗಳಿಗಂತೂ ಆ ಭಯ ಹೆಚ್ಚು. ಆದ್ದರಿಂದ ಎಷ್ಟು ಮಾತ್ರೆ ಎಂಬುದನ್ನು ವೈದ್ಯರೇ ರಕ್ತಪರೀಕ್ಷೆ ನೋಡಿ ಹೇಳಬೇಕು, ಬಿ.ಎಸ್ಸಿ., ಬಿ.ಎಡ್. ಮಾಸ್ಟ್ರಲ್ಲ, ಪಕ್ಕದ ಹಾಸಿಗೆಯವರಂತೂ ಅಲ್ಲ. ಮರುದಿನ ಡಯಾಲಿಸಿಸ್‌ಗೆ ಹೋದಾಗ ಭಾವ ಡಾಕ್ಟರರಿಗೆ ಎಲ್ಲ ಹೇಳಿದರು. ಬೈಗುಳ ತಿಂದರು. ಮಾತ್ರೆ ಮತ್ತೆ ಶುರುವಾಗಿದೆ. ರಂಜಕದ ವರದಿ ಈ ತಿಂಗಳ ಕೊನೆಗೆ ಬರುತ್ತದೆ.