ಮೊದಲು ಊದು, ಆಮೇಲೆ ಒರಸು

ಈ ವಾರ ಯಾವ ನಾಯಕನ ಸುದ್ದಿಯೂ ಇಲ್ಲ, ಯಾವ ನಾಯಕಿಯ ಗುಟ್ಟೂ ಇಲ್ಲ. ಗುಟ್ಟು ಇದೆ, ಆದರೆ ಅದು ನನ್ನದು! ಎಂಟು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದು. ಒಂದು ಲೆನ್ಸಿನ ಗಾಜು, ಒಂದು ಅಂಗಿಯ ಚುಂಗು, ಒಬ್ಬ ಗೆಳೆಯನ ನೌಕರಿ... ಇಷ್ಟೇ ಕಥೆ. ನಡುವೆ ಸ್ವಲ್ಪ ಕೆಲಸದ ಮಾತೂ ಬರುತ್ತದೆ. ಕ್ಯಾಮೆರಾ ಇದ್ದವರಿಗೂ ಬರೀ ಮೊಬೈಲ್ ಇದ್ದವರಿಗೂ ಅದು ಉಪಯೋಗಕ್ಕೆ ಬರುವಂಥದ್ದು. ಬಸ್ ಬರುವ ತನಕ ಓದಿ.

ನಮ್ಮ ಬಾಗಲಕೋಟೆ ಜಿಲ್ಲೆ ವಿಜಾಪುರದಿಂದ ಬೇರೆಯಾಗಿ ಹುಟ್ಟಿದ್ದು 1997ರಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ. ಜಿಲ್ಲೆ ಬೆಳೆಯಿತು, ನವನಗರ ಕಟ್ಟಿತು. ನಾನು ಮಾತ್ರ ಪಿಯುಸಿ ಎರಡನೇ ವರ್ಷಕ್ಕೇ ನಿಂತೆ. ಫಿಜಿಕ್ಸ್ ಪುಸ್ತಕದಲ್ಲಿ ಬೆಳಕಿನ ಪಾಠ ಬಂದಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಮುಂದೆ ಆ ಪಾಠವನ್ನು ದುಡ್ಡು ಕೊಟ್ಟು ಕಲಿಯಬೇಕಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು!

2015ರಲ್ಲಿ ಇಳಕಲ್ಲಿನ ಒಂದು ಫೋಟೋ ಸ್ಟುಡಿಯೋಕ್ಕೆ ಕೆಲಸಕ್ಕೆ ಸೇರಿದೆ. ತಿಂಗಳಿಗೆ 4000 ರೂಪಾಯಿ, ಮಧ್ಯಾಹ್ನದ ಊಟ. ನನ್ನ ಜೊತೆಗೆ ಹುನಗುಂದದ ಇನ್ನೊಬ್ಬ ಹುಡುಗ. ಹೆಸರು ಬೇಡ, 'ಗೆಳೆಯ' ಎಂದರೆ ಸಾಕು. ನಾನು ಲೈಟು ಹಿಡಿಯುವವ, ಅವನು ಬ್ಯಾಗು ಕಾಯುವವ. ಸಾವಕಾರರು ಕೈಗೆ ಕ್ಯಾಮೆರಾ ಕೊಟ್ಟ ದಿನ ನಾವು ರಾಜರು!

2016ರ ಏಪ್ರಿಲ್. ಮದುವೆಗೆ ಮುಂಚೆ ಫೋಟೋ ತೆಗೆಸುವ ಹೊಸ ಹುಚ್ಚು ನಮ್ಮ ಕಡೆಗೂ ಬಂದಿತ್ತು. ಒಂದು ಜೋಡಿಯನ್ನು ಕರೆದುಕೊಂಡು ಬಾದಾಮಿಗೆ ಹೋದೆವು. ಬಾದಾಮಿ ಎಂದರೆ ಹೇಳಬೇಕೇ? ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನವಿದೆ, ಕ್ರಿ.ಶ. 578ರದು. ಪುಲಿಕೇಶಿ ಆಳಿದ ಊರು. 1967ರ 'ಇಮ್ಮಡಿ ಪುಲಿಕೇಶಿ'ಯಲ್ಲಿ ಅಣ್ಣಾವ್ರನ್ನು ನೋಡಿದವರಿಗೆ ಆ ಕೆಂಪು ಗುಡ್ಡ ನೋಡಿದರೇ ಎದೆ ಉಬ್ಬುತ್ತದೆ. ಅಗಸ್ತ್ಯ ತೀರ್ಥದ ದಂಡೆಯ ಮೇಲೆ ಹುಡುಗಿ ಇಳಕಲ್ ಸೀರೆ ಉಟ್ಟು ನಿಂತಿದ್ದಳು, ಸೆರಗು ಗಾಳಿಗೆ ಹಾರುತ್ತಿತ್ತು. ಅದೇ ಗಾಳಿ ಗುಡ್ಡದ ಕೆಂಪು ಧೂಳನ್ನೂ ಹೊತ್ತು ತಂದು ಲೆನ್ಸಿನ ಮೇಲೆ ಸುರಿಯಿತು.

ಸಾವಕಾರರು ನೀರು ಕುಡಿಯಲು ಹೋಗಿದ್ದರು. ಕ್ಯಾಮೆರಾ ನನ್ನ ಕೈಯಲ್ಲಿ. ಗಾಜಿನ ಮೇಲೆ ಧೂಳು ಕಂಡಿತು. ನಾನೇನು ಮಾಡಿದೆ? ಮನೆಯಲ್ಲಿ ಅಜ್ಜಿ ಕಂದೀಲಿನ ಗಾಜನ್ನು ಬೂದಿ ಹಾಕಿ ತಿಕ್ಕಿ ಫಳಫಳ ಮಾಡುತ್ತಿದ್ದುದನ್ನು ನೋಡಿ ಬೆಳೆದವ. ಗಾಜು ಎಂದರೆ ತಿಕ್ಕುವುದು! ಅಂಗಿಯ ಚುಂಗು ಹಿಡಿದು, ಬಾಯಿಂದ ಹಾ ಎಂದು ಉಸಿರು ಬಿಟ್ಟು, ಗರಗರ ತಿರುವಿ ಒರಸಿದೆ. ಗಾಜು ಮಿಂಚಿತು. ಸಾವಕಾರರು ಬಂದು "ಶಾಣ್ಯಾ" ಎಂದರು.

ಗೆಳೆಯ ಬ್ಯಾಗಿನ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಅವನು ನೋಡಿದ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

* * *

ಮುಂದಿನ ತಿಂಗಳು ಹುನಗುಂದದಲ್ಲಿ ಒಂದು ಆರತಕ್ಷತೆ. ವೇದಿಕೆಯ ಹಿಂದೆ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಸಾಲು. ಫೋಟೋ ಕಂಪ್ಯೂಟರಿಗೆ ಹಾಕಿ ನೋಡಿದರೆ ಮದುಮಗಳ ಮುಖದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು! ದೀಪ ಎದುರಿಗೆ ಬಂದ ಒಂದು ಫೋಟೋವೂ ಸರಿ ಇಲ್ಲ. ಹುಡುಗಿಯ ತಂದೆ ಬಂದು, "ನನಗ ಇರಾಕಿ ಒಬ್ಬಾಕಿ ಮಗಳ್ರೀ, ಇನ್ನೊಮ್ಮೆ ಮದುವಿ ಮಾಡ್ಲೇನು?" ಎಂದು ಕೇಳಿದರು. ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೇ ಒಳ್ಳೆಯದಿತ್ತು.

ಸಾವಕಾರರು ಲೆನ್ಸ್ ಬಿಚ್ಚಿ, ಟಾರ್ಚನ್ನು ಓರೆಯಾಗಿ ಹಿಡಿದರು. ಎದುರಿನಿಂದ ನೋಡಿದರೆ ಏನೂ ಕಾಣದ ಗಾಜಿನ ಮೇಲೆ, ಓರೆ ಬೆಳಕಿನಲ್ಲಿ ಕೂದಲೆಳೆಯಂಥ ಗೀರುಗಳು! ಸುತ್ತು ಸುತ್ತಾಗಿ, ರಂಗೋಲಿ ಹಾಕಿದ ಹಾಗೆ. ಹದಿನೆಂಟು ಸಾವಿರದ ಲೆನ್ಸ್.

"ಯಾರ ಒರಸೀರಿ ಇದನ್ನ?"

ನಾನು ನೆಲ ನೋಡಿದೆ. ಗೆಳೆಯ ನನ್ನನ್ನು ನೋಡಿದ. ಬ್ಯಾಗು ಕಾಯುವವ ಅವನಲ್ಲವೇ, ಹೊಣೆ ಅವನ ಮೇಲೆ ಬಿತ್ತು. ಆ ತಿಂಗಳ ಸಂಬಳ ಹಿಡಿದುಕೊಂಡು ಅವನನ್ನು ಮನೆಗೆ ಕಳಿಸಿದರು. ಅವನು ಚಪ್ಪಲಿ ಮೆಟ್ಟಿಕೊಂಡು ಕಂಠಿ ಸರ್ಕಲ್ ಕಡೆ ನಡೆದ. ನಾನು ಒಳಗೆ ನಿಂತು ಲೈಟಿನ ವಾಯರ್ ಸುತ್ತುತ್ತಿದ್ದೆ.

ಎಂಟು ತಿಂಗಳ ನಂತರ ನಾನೂ ಆ ಕೆಲಸ ಬಿಟ್ಟೆ. ಬಿಡಿಬಿಡಿಯಾಗಿ ಪತ್ರಿಕೆಗಳಿಗೆ ಬರೆಯಲು ಶುರು ಮಾಡಿದೆ.

* * *

ಎರಡು ವರ್ಷದ ಹಿಂದೆ, ಮುಚ್ಚಿಹೋದ ಟಾಕೀಸುಗಳ ಬಗ್ಗೆ ಬರೆಯೋಣ ಎಂದು ಬಾಗಲಕೋಟೆಯಲ್ಲಿ ಒಬ್ಬ ಹಳೇ ಆಪರೇಟರ್ ಅಜ್ಜನ ಮನೆ ಹುಡುಕಿಕೊಂಡು ಹೋದೆ. ಟೂರಿಂಗ್ ಟಾಕೀಸಿನಲ್ಲಿ ಶುರು ಮಾಡಿ, ಥೇಟರಿನಲ್ಲಿ ಮುಗಿಸಿದವರು. ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಪಕ್ಕದಲ್ಲೇ ಡೇರೆ ಹೊಡೆದು ಸಿನಿಮಾ ತೋರಿಸಿದವರು. ರೀಲು ಹೋಗಿ ಡಿಜಿಟಲ್ ಬಂದ ಮೇಲೆ ಮನೆಯಲ್ಲಿ ಕೂತವರು.

ನಾನು ಕೇಳಿದ್ದು ಡಾ. ರಾಜ್ ಸಿನಿಮಾಕ್ಕೆ ಜನ ಹೇಗೆ ಮುಗಿಬೀಳುತ್ತಿದ್ದರು ಎಂದು. ಅಜ್ಜ ಹೇಳಿದ್ದು ಗಾಜಿನ ಕಥೆ!

"ನಾಯಕ ಕುಣದ, ವಿಲನ್ ಸತ್ತ ಅಂತ ನೀವು ಶೀಟಿ ಹೊಡೀತಿದ್ರಿ. ನಾ ಮ್ಯಾಲ ಕುಂತು ಧೂಳು ಕಾಯ್ತಿದ್ದೆ," ಎಂದರು.

ಆಗ ಪ್ರೊಜೆಕ್ಟರಿನಲ್ಲಿ ಬಲ್ಬು ಇರಲಿಲ್ಲವಂತೆ, ಕಾರ್ಬನ್ ಕಡ್ಡಿಗಳು. ಎರಡು ಕಡ್ಡಿಯ ನಡುವೆ ಬೆಂಕಿ ಹೊತ್ತಿ ಬೆಳಕು ಬರುವುದು, ಹಿಂದಿನ ಕನ್ನಡಿ ಅದನ್ನು ಫಿಲ್ಮಿನ ಮೇಲೆ ತಳ್ಳುವುದು. ಕಡ್ಡಿಗೆ ತಾಮ್ರದ ಲೇಪ. ಅದು ಕರಗಿ ಚಟಚಟ ಸಿಡಿದು ಕನ್ನಡಿಗೆ ಅಂಟುವುದು. ದಿನಾ ಕನ್ನಡಿ ಸ್ವಚ್ಛ ಮಾಡದಿದ್ದರೆ ವಾರದಲ್ಲಿ ನಾಯಕಿ ಕಪ್ಪಾಗುತ್ತಿದ್ದಳು! ಆದರೆ ಬಿಸಿ ಇರುವಾಗ ಒದ್ದೆ ಬಟ್ಟೆ ಮುಟ್ಟಿಸಿದರೆ ಕನ್ನಡಿ ಠಣ್ಣೆಂದು ಸೀಳುವುದು. ಆಮೇಲೆ ಝೆನಾನ್ ದೀಪ ಬಂತು. ಅದನ್ನು ಬರಿಗೈಯಲ್ಲಿ ಮುಟ್ಟುವ ಹಾಗೇ ಇಲ್ಲ. ಬೆರಳಿನ ಜಿಡ್ಡು ಶಾಖಕ್ಕೆ ಸುಟ್ಟು ಗಾಜು ಬಲ ಕಳೆದುಕೊಳ್ಳುತ್ತದೆ, ದೀಪ ಒಡೆಯಲೂಬಹುದು.

ಫಿಲ್ಮು ಹಾಯುವ ಗೇಟಿನಲ್ಲಿ ಒಂದು ಎಳೆ ಸಿಕ್ಕಿಕೊಂಡರೆ ಕಥೆಯೇ ಬೇರೆ. 35 ಮಿ.ಮೀ. ಫಿಲ್ಮಿನಲ್ಲಿ ಚಿತ್ರದ ಅಗಲ ಸುಮಾರು 22 ಮಿ.ಮೀ. ತೆರೆ 22 ಅಡಿ ಅಗಲ ಇದ್ದರೆ ಮುನ್ನೂರು ಪಟ್ಟು ದೊಡ್ಡದಾಯಿತು. ಒಂದು ತಲೆಗೂದಲು ತೆರೆಯ ಮೇಲೆ ಹಗ್ಗವಾಗಿ ಕುಣಿಯುತ್ತದೆ. ಅದೇ ಕೂದಲು ಲೆನ್ಸಿನ ಮೇಲೆ ಬಿದ್ದರೆ? ಕಾಣುವುದೇ ಇಲ್ಲ! ಲೆನ್ಸ್ ತನ್ನ ಮೈಮೇಲಿನ ಧೂಳನ್ನು ತಾನು ಸ್ಪಷ್ಟವಾಗಿ ತೋರಿಸಲಾರದು. ಒಂದೆರಡು ಕಣ ಇದ್ದರೆ ನಷ್ಟವಿಲ್ಲ. ಜಿಡ್ಡು ಹರಡಿದರೆ, ಗೀರು ಬಿದ್ದರೆ ಮಾತ್ರ ಬೆಳಕು ಚದುರಿ ಚಿತ್ರ ಮಬ್ಬಾಗುತ್ತದೆ. ಹುನಗುಂದದ ಮದುಮಗಳ ಮುಖಕ್ಕೆ ಆಗಿದ್ದು ಇದೇ.

"ಅದಕ್ಕಽ ಹೇಳ್ತೀನಿ ತಮ್ಮಾ. ಒರಸೂದು ಕಡೀ ಕೆಲಸ. ಊದೂದು ಮೊದಲನೇದು," ಎಂದರು ಅಜ್ಜ.

ಯಾಕೆ? ಅಲ್ಲಿಗೆ ನನ್ನ ಬಿಟ್ಟುಹೋದ ಫಿಜಿಕ್ಸ್ ಪಾಠ ಬಂತು. ಬಾದಾಮಿಯ ಗುಡ್ಡ ಮರಳುಗಲ್ಲು. ಆ ಮರಳು ಎಂದರೆ ಬಹುಪಾಲು ಸ್ಫಟಿಕ, ಅಂದರೆ ಕ್ವಾರ್ಟ್ಜ್. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಅದಕ್ಕೆ 7 ಅಂಕ. ಗಾಜಿಗೆ ಸುಮಾರು 5.5. ಗಡಸು ಇದ್ದದ್ದು ಮೆತ್ತಗಿದ್ದದ್ದನ್ನು ಕೊರೆಯುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟಿನ ಧೂಳಿನಲ್ಲೂ ಅದೇ ಕ್ವಾರ್ಟ್ಜ್ ಇದೆ. ಗಡಸು ಪುಡಿ ಹಾಕಿ ಉಜ್ಜಿಯೇ ಕಲ್ಲನ್ನು ಕನ್ನಡಿ ಮಾಡುವ ಊರಿನಲ್ಲಿ ಕೆಲಸ ಮಾಡಿದ ನನಗೆ ಇದು ಹೊಳೆಯಲಿಲ್ಲವಲ್ಲ! ಅಂದು ನಾನು ಅಂಗಿಯಿಂದ ಒರಸಲಿಲ್ಲ, ಬಾದಾಮಿಯ ಮರಳಿನಿಂದ ಲೆನ್ಸನ್ನು ಉಜ್ಜಿದ್ದೆ.

ಅದರ ಮೇಲೆ ಇನ್ನೊಂದು. ಲೆನ್ಸಿನ ಗಾಜಿನ ಮೇಲೆ ನೇರಳೆಯೋ ಹಸಿರೋ ಛಾಯೆ ಕಾಣುತ್ತದಲ್ಲ, ಅದು ಲೇಪ. ಬರೀ ಗಾಜಿನ ಪ್ರತಿ ಮೈಯಿಂದ ಬೆಳಕಿನ ನೂರರಲ್ಲಿ ಸುಮಾರು ನಾಲ್ಕು ಪಾಲು ವಾಪಸ್ ಹೋಗುತ್ತದೆ. ಒಂದು ಲೆನ್ಸಿನೊಳಗೆ ಬಿಡಿಬಿಡಿಯಾದ ಆರು ಗಾಜು ಇದ್ದರೆ ಹನ್ನೆರಡು ಮೈ. ನೂರಕ್ಕೆ ನಲವತ್ತರ ಹತ್ತಿರ ಬೆಳಕು ದಾರಿಯಲ್ಲೇ ಖೋತಾ! 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಸ್ಮಾಕುಲಾ ಎಂಬ ವಿಜ್ಞಾನಿ ಇದಕ್ಕೆ ತೆಳ್ಳನೆಯ ಲೇಪದ ಉಪಾಯಕ್ಕೆ ಪೇಟೆಂಟ್ ಮಾಡಿಸಿದ. ಅಂಥ ಲೇಪದ ದಪ್ಪ ಎಷ್ಟು? ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ತಲೆಗೂದಲಿನ ಐನೂರರಲ್ಲಿ ಒಂದು ಪಾಲು. ಅದರ ಮೇಲೆ ನನ್ನ ಅಂಗಿಯ ಚುಂಗು!

* * *

ಅಜ್ಜ ಕಲಿಸಿದ್ದಕ್ಕೆ ಈಗಿನ ರಿಪೇರಿ ಅಂಗಡಿಯವರು ಹೇಳಿದ್ದನ್ನು ಸೇರಿಸಿ ಕೊಡುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

ಮೊದಲು ಲೆನ್ಸನ್ನು ಕೆಳಮುಖ ಮಾಡಿ. ರಬ್ಬರಿನ ಗಾಳಿ ಚೆಂಡು ಸಿಗುತ್ತದೆ, ಅದನ್ನು ಒತ್ತಿ ಊದಿ. ಬಾಯಿಂದ ಬೇಡ, ಉಗುಳು ಸಿಡಿಯುತ್ತದೆ. ಹೋಗದ ಧೂಳಿಗೆ ಮೆತ್ತನೆಯ ಬ್ರಷ್. ಬ್ರಷ್ಷಿನ ಕೂದಲನ್ನು ಬೆರಳಿಂದ ಮುಟ್ಟಬಾರದು, ನಿಮ್ಮ ಜಿಡ್ಡು ಅದಕ್ಕೆ, ಅದರ ಜಿಡ್ಡು ಗಾಜಿಗೆ. ಇಷ್ಟಕ್ಕೇ ಸ್ವಚ್ಛವಾದರೆ ನಿಲ್ಲಿಸಿ! ಬೆರಳಚ್ಚು ಇದ್ದರೆ ಮಾತ್ರ ಒರಸುವ ಮಾತು. ಒಗೆದ ಮೈಕ್ರೋಫೈಬರ್ ಬಟ್ಟೆ ಅಥವಾ ಲೆನ್ಸ್ ಪೇಪರ್ ತಗೊಳ್ಳಿ. ಲೆನ್ಸಿನ ದ್ರಾವಣವನ್ನು ಬಟ್ಟೆಗೆ ಒಂದು ಹನಿ ಹಾಕಿ, ಗಾಜಿಗೆ ನೇರವಾಗಿ ಹಾಕಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ. ನಡುವಿನಿಂದ ಅಂಚಿಗೆ, ಒತ್ತದೆ, ಸುತ್ತುತ್ತಾ ಬನ್ನಿ. ಕಿಟಕಿ ಒರಸುವ ನೀಲಿ ನೀರು, ಸೀಮೆಎಣ್ಣೆ, ಉಗುರುಬಣ್ಣ ತೆಗೆಯುವ ದ್ರಾವಣ ಹತ್ತಿರಕ್ಕೂ ತರಬೇಡಿ.

ಮಳೆಗಾಲದಲ್ಲಿ ಶತ್ರು ಬೇರೆ: ಬೂಷ್ಟು. ತೇವದ ಜಾಗದಲ್ಲಿ, ಕತ್ತಲೆ ಚೀಲದಲ್ಲಿ ಲೆನ್ಸ್ ಮಲಗಿಸಿದರೆ ಗಾಜಿನೊಳಗೆ ಜೇಡರ ಬಲೆಯ ಹಾಗೆ ಬೆಳೆಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆ ಹಾಕಿ ಇಡಿ, ಆಗಾಗ ಹೊರಗೆ ತೆಗೆದು ಬಳಸಿ.

ಇನ್ನು ಮೊಬೈಲ್ ವೀರರೇ, ನಿಮ್ಮ ಫೋಟೋದಲ್ಲಿ ಬೀದಿದೀಪಕ್ಕೆ ಬಾಲ ಬಂದ ಹಾಗೆ ಕಾಣುತ್ತದೆಯೇ? ಫೋನ್ ಕೆಟ್ಟಿಲ್ಲ, ನಿಮ್ಮ ಮಿರ್ಚಿ ಭಜಿಯ ಎಣ್ಣೆ ಅದು! ಹಿಂದಿನ ಚಿಕ್ಕ ಗಾಜಿನ ಮೇಲಿನ ಧೂಳು ಕೊಡವಿ, ಸ್ವಚ್ಛ ಬಟ್ಟೆಯಿಂದ ಹಗುರವಾಗಿ ಒರಸಿ ನೋಡಿ.

ಧೂಳನ್ನು ಇಷ್ಟು ಬೈದೆ. ಅದಕ್ಕೂ ಒಂದು ಒಳ್ಳೆ ದಿನ ಬಂದಿತ್ತು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ನಮ್ಮ ವಿ.ಕೆ. ಮೂರ್ತಿಯವರು, 1959ರ 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೋದ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಗೆ ತಿರುಗಿಸಿ ಬೆಳಕಿನ ಕೋಲನ್ನೇ ನಿಲ್ಲಿಸಿದರು. ಗಾಳಿಯಲ್ಲಿ ತೇಲುವ ಕಣಗಳಿಲ್ಲದೆ ಆ ಕೋಲು ಕಣ್ಣಿಗೆ ಕಾಣುತ್ತಿರಲಿಲ್ಲ! ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ, 2008ರ ಸಾಲಿಗೆ. ಧೂಳು ಗಾಳಿಯಲ್ಲಿದ್ದರೆ ಕಲೆ, ಗಾಜಿನ ಮೇಲಿದ್ದರೆ ಕೊಲೆ.

* * *

ಹೊರಡುವಾಗ ಅಜ್ಜನಿಗೆ ನನ್ನ ಹಳೇ ಕಥೆ ಹೇಳಿದೆ. ಅವರು ತಂಬಾಕು ತಿಕ್ಕುತ್ತಾ ಕೇಳಿದರು.

"ಗೀರು ಬಿದ್ದದ್ದು ಒರಸಿದ್ರ ಹೋಗೂದಿಲ್ಲಪಾ. ಆವತ್ತಽ ಹೇಳಿದ್ರ ಬರೇ ಲೆನ್ಸ್ ಹೋಗ್ತಿತ್ತು," ಎಂದರು. ಅಷ್ಟೇ.

ಗೆಳೆಯ ಈಗ ಹುನಗುಂದ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. 2024ರಲ್ಲಿ ಒಂದು ದಿನ 4000 ರೂಪಾಯಿ ಕಿಸೆಯಲ್ಲಿಟ್ಟುಕೊಂಡು ಹೋದೆ. ಅವನು ಒಂದು ಫೋನಿನ ಕ್ಯಾಮೆರಾ ಗಾಜು ಬಿಚ್ಚುತ್ತಿದ್ದ. ಕೈಯಲ್ಲಿ ಅದೇ ರಬ್ಬರಿನ ಗಾಳಿ ಚೆಂಡು.

"ಬಾದಾಮ್ಯಾಗ ಲೆನ್ಸ್ ಒರಸಿದಾವ ನಾನಽ," ಎಂದೆ.

"ಗೊತ್ತೈತಿ. ನೋಡೀನಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಇಬ್ಬರನ್ನೂ ತಗೀತಿದ್ರು. ನೀನಽ ಹೇಳ್ತಿ ಅಂತ ತಡದೆ. ನೀ ಹೇಳಲಿಲ್ಲ."

ದುಡ್ಡು ಮುಂದಿಟ್ಟೆ. ಸಿನಿಮಾದಲ್ಲಾದರೆ ಅವನು ಬೇಡ ಎಂದು ತಳ್ಳಿ ನನ್ನನ್ನು ತಬ್ಬಿಕೊಳ್ಳಬೇಕಿತ್ತು. ಅವನು ಎಣಿಸಿ ಗಲ್ಲೆಗೆ ಹಾಕಿದ. "ಇದು ನಂದಽ ಐತಿ, ತಗೋತೀನಿ," ಎಂದ. ಚಹಾ ತರಿಸಿದ. ಲೋಟ ಇಡುವಾಗ ಕೇಳಿದ: "ಸಾವಕಾರ್ಗ ಹೇಳೀಯೇನು?"

"ಇಲ್ಲ."

ಅವನು ಮತ್ತೆ ಫೋನಿಗೆ ಬಗ್ಗಿದ.

ಅದಾದ ಮೇಲೂ ಹೋಗಲು ಧೈರ್ಯ ಬರಲಿಲ್ಲ. ಈ ಲೇಖನ ಬರೆದು ಕೂತಾಗ ಒಂದು ಮಾತು ನೆನಪಾಯಿತು: ಇಂಥ ಸಿನಿಮಾ ವಾರಪತ್ರಿಕೆ ಆ ಸ್ಟುಡಿಯೋದ ಬೆಂಚಿನ ಮೇಲೆ ಯಾವಾಗಲೂ ಇರುತ್ತಿತ್ತು. ಸಾವಕಾರರು ಇದನ್ನು ಅಚ್ಚಿನಲ್ಲಿ ಓದಿ ತಿಳಿಯುವುದು ಬೇಡ ಎನ್ನಿಸಿತು. ಕಳೆದ ವಾರ ಇಳಕಲ್ಲಿಗೆ ಹೋಗಿ, ನಿಂತೇ ಹೇಳಿದೆ.

ಅವರು ಬೈಯಲಿಲ್ಲ. ಡ್ರಾಯರ್ ಎಳೆದರು. ಆ ಲೆನ್ಸ್ ಇನ್ನೂ ಅಲ್ಲೇ ಇತ್ತು! ಬೆಳಕಿಗೆ ಓರೆ ಹಿಡಿದು ಒಮ್ಮೆ ನೋಡಿ, ಮುಚ್ಚಳ ಹಾಕಿ ಒಳಗಿಟ್ಟರು. ಆಮೇಲೆ ಕನ್ನಡಕ ತೆಗೆದು, ಧೋತರದ ಚುಂಗು ಹಿಡಿದು ಒರಸಲು ಹೋದವರು ಹಾಗೇ ಕೈ ನಿಲ್ಲಿಸಿದರು.

"ಆ ಹುಡುಗನ ನಂಬರ್ ಕೊಡು," ಎಂದರು.

ಕೊಟ್ಟು ಬಂದಿದ್ದೇನೆ.