ಬೆಟ್ಟದ ಮೇಲೆ ಒಂದು ರಾತ್ರಿ: ಕಂಸಾಳೆ ಕೇಳಲು ಹೋಗುವವರಿಗೆ

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯ ಸುತ್ತಮುತ್ತ ಬೆಟ್ಟಗಳಿಗೆ ಬರವಿಲ್ಲ. ಒಂದು ಕಡೆ ಸಿದ್ಧರಬೆಟ್ಟ, ಇನ್ನೊಂದು ಕಡೆ ಮಧುಗಿರಿಯ ಏಕಶಿಲಾ ಬೆಟ್ಟ, ನಡುವೆ ಚನ್ನರಾಯನದುರ್ಗ. ಈ ಸೀಮೆಗೆ ನೀರುಣಿಸುವ ಜಯಮಂಗಲಿ ನದಿ ಹುಟ್ಟುವುದೂ ಬೆಟ್ಟದಲ್ಲೇ, ದೇವರಾಯನದುರ್ಗದಲ್ಲಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದ ಬೆಟ್ಟಗಳಿವು. ಶಾಲೆ, ಕಾಲೇಜಿನ ಮಕ್ಕಳಿಗೆ ಬೆಟ್ಟವೆಂದರೆ ಇಷ್ಟೇ: ಹತ್ತುವುದು, ನೋಡುವುದು, ಇಳಿಯುವುದು.

ಆದರೆ ಒಂದೇ ದಿನದಲ್ಲಿ ಹೋಗಿ ಬಂದರೆ ಏನನ್ನೂ ಕೊಡದ ಬೆಟ್ಟಗಳೂ ಇವೆ. ಅಂಥದ್ದೊಂದು ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟ. ಅಲ್ಲಿಗೆ ಹೋದವರೆಲ್ಲ ದೇವರ ದರ್ಶನ ಮಾಡುತ್ತಾರೆ, ತೇರು ನೋಡುತ್ತಾರೆ, ಲಾಡು ತರುತ್ತಾರೆ. ಅಲ್ಲಿಯ ಹಾಡನ್ನು ಕೇಳಿ ಬಂದವರು ಮಾತ್ರ ಕಡಿಮೆ. ಕಾರಣ ಸರಳ. ಆ ಹಾಡು ಹದಕ್ಕೆ ಬರುವುದು ಕತ್ತಲಾದ ಮೇಲೆ, ಊರುಗಳಿಂದ ಬಂದ ಜನ ಚಾಪೆ ಹಾಸಿ ಕುಳಿತ ಮೇಲೆ. ಆ ಹೊತ್ತಿಗೆ ನಾವು ಊರಿನ ಬಸ್ಸು ಹತ್ತಿರುತ್ತೇವೆ!

ಕಂಸಾಳೆ ನಮ್ಮ ಮಕ್ಕಳಿಗೆ ಹೊಸತಲ್ಲ. ಶಾಲಾ ವಾರ್ಷಿಕೋತ್ಸವದಲ್ಲಿ ಐದು ನಿಮಿಷದ ಬೀಸು ಕಂಸಾಳೆ ಇದ್ದೇ ಇರುತ್ತದೆ. 1996ರಲ್ಲಿ ತೆರೆಕಂಡ ಟಿ.ಎಸ್. ನಾಗಾಭರಣ ಅವರ ‘ಜನುಮದ ಜೋಡಿ’ ಚಿತ್ರ ಮಾದಪ್ಪನ ಹಾಡಿನ ಧಾಟಿಯನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿತು. ಆದರೆ ವೇದಿಕೆಯ ಐದು ನಿಮಿಷ, ಸಿನಿಮಾದ ಐದು ನಿಮಿಷ ಎರಡೂ ಒಂದು ದೊಡ್ಡ ಮರದ ಒಂದೊಂದು ಎಲೆಯಷ್ಟೇ. ಮರವನ್ನು ನೋಡಬೇಕೆಂದರೆ ಬೆಟ್ಟದಲ್ಲಿ ಒಂದು ರಾತ್ರಿ ಕಳೆಯಬೇಕು. ಆ ರಾತ್ರಿಯನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದೇ ಈ ಬರಹದ ವಿಷಯ.

ಎಪ್ಪತ್ತೇಳು ಮಲೆಯ ಒಡೆಯ

ಮಹದೇಶ್ವರನನ್ನು ಜನ ಕರೆಯುವುದು ಮಾದಪ್ಪ, ಮಾದೇವ, ಎಪ್ಪತ್ತೇಳು ಮಲೆಯ ಒಡೆಯ ಎಂದು. ಆನುಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂದು ಹಾಡುಗಾರರು ಏಳು ಮಲೆಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಒಂದೆಡೆ ಕಾವೇರಿ, ಇನ್ನೊಂದೆಡೆ ತಮಿಳುನಾಡಿನ ಗಡಿ, ನಡುವೆ ಅಲೆಅಲೆಯಾದ ಕಾಡು. ಈ ಕಾಡು 2013ರಲ್ಲಿ ವನ್ಯಜೀವಿ ಧಾಮವಾಯಿತು. ಆನೆ, ಚಿರತೆ, ಹುಲಿ ಇಲ್ಲಿನ ನಿಜವಾದ ನಿವಾಸಿಗಳು. ದೇವರೂ ಹುಲಿಯ ಮೇಲೆ ಕುಳಿತವನೇ ತಾನೆ! ಹುಲಿವಾಹನನಾದ ಮಾದಪ್ಪನ 108 ಅಡಿ ಎತ್ತರದ ಪ್ರತಿಮೆಯನ್ನು 2023ರಲ್ಲಿ ಇಲ್ಲಿ ಅನಾವರಣ ಮಾಡಲಾಯಿತು.

1990ರ ದಶಕದಲ್ಲಿ ಈ ಬೆಟ್ಟಕ್ಕೆ ಮಕ್ಕಳನ್ನು ಕಳುಹಿಸಲು ತಂದೆ ತಾಯಂದಿರು ಹಿಂದೆಮುಂದೆ ನೋಡುತ್ತಿದ್ದರು. ಇದು ವೀರಪ್ಪನ್ ಅಡಗಿದ್ದ ಕಾಡು. 1993ರಲ್ಲಿ ಪಾಲಾರ್ ಬಳಿ ನೆಲಬಾಂಬು ಸಿಡಿದು ಹಲವರು ಸತ್ತ ಸುದ್ದಿ ಮನೆಮನೆಯ ಮಾತಾಗಿತ್ತು. 2004ರ ಅಕ್ಟೋಬರಿನಲ್ಲಿ ಅವನ ಕತೆ ಮುಗಿಯಿತು. ಆ ಭಯ ಈಗಿಲ್ಲ. ಇರಬೇಕಾದದ್ದು ಕಾಡಿನ ಬಗೆಗಿನ ಎಚ್ಚರ ಮಾತ್ರ.

ಯಾವ ಜಾತ್ರೆ ನಮಗೆ ಅನುಕೂಲ?

ಬೆಟ್ಟದಲ್ಲಿ ದೊಡ್ಡ ಜಾತ್ರೆಗಳು ಶಿವರಾತ್ರಿ, ಯುಗಾದಿ ಮತ್ತು ದೀಪಾವಳಿಗೆ ನಡೆಯುತ್ತವೆ. ಮಹಾಲಯ ಅಮಾವಾಸ್ಯೆಗೂ ಜನ ಸೇರುತ್ತಾರೆ. ಪ್ರತಿ ಅಮಾವಾಸ್ಯೆಗೂ ಚಿಕ್ಕ ಜಾತ್ರೆ ಇದ್ದಂತೆಯೇ.

ಇವುಗಳಲ್ಲಿ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ್ದು ದೀಪಾವಳಿ. ಶಿವರಾತ್ರಿ ಬರುವುದು ಪರೀಕ್ಷೆಯ ಹೊಸ್ತಿಲಲ್ಲಿ, ಯುಗಾದಿ ಹಲವು ಸಲ ಪರೀಕ್ಷೆಯ ನಡುವೆಯೇ. ದೀಪಾವಳಿಗಾದರೆ ಒಂದೆರಡು ದಿನ ರಜೆ ಸಿಕ್ಕುತ್ತದೆ, ವರ್ಷದ ಪಾಠದ ಭಾರವೂ ಅಷ್ಟಿರುವುದಿಲ್ಲ. ಇನ್ನೊಂದು ಲಾಭವೂ ಇದೆ. ದೀಪಾವಳಿ ಜಾತ್ರೆಯಲ್ಲಿ ಹಾಲರವಿ ಉತ್ಸವ ನಡೆಯುತ್ತದೆ. ಇಲ್ಲಿನ ಅರ್ಚಕ ಸಮುದಾಯವಾದ ಬೇಡಗಂಪಣರ 101 ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ನೀರನ್ನು ಮಡಕೆಗಳಲ್ಲಿ ಹೊತ್ತು, ಸಾಲಾಗಿ ನಡೆದು, ದೇವಸ್ಥಾನಕ್ಕೆ ತರುತ್ತಾರೆ. ನಮ್ಮ ಹೈಸ್ಕೂಲು ಹುಡುಗಿಯರ ವಯಸ್ಸಿನ, ಅವರಿಗಿಂತಲೂ ಚಿಕ್ಕ ಮಕ್ಕಳು! ಅದನ್ನು ನೋಡಿದ ಮಗು ಮರೆಯುವುದಿಲ್ಲ.

ಒಂದು ಸಂಗತಿ ಗಮನಿಸಿ. ಈ ಹಬ್ಬಗಳೆಲ್ಲ ಅಮಾವಾಸ್ಯೆಯ ಆಸುಪಾಸಿನವು. ಆಕಾಶದಲ್ಲಿ ಚಂದ್ರನಿರುವುದಿಲ್ಲ. ದೇವಸ್ಥಾನದ ಸುತ್ತ ವಿದ್ಯುತ್ ದೀಪಗಳಿದ್ದರೂ ನಾಲ್ಕು ಹೆಜ್ಜೆ ಆಚೆ ಹೋದರೆ ಗವ್ವೆನ್ನುವ ಕತ್ತಲು. ಟಾರ್ಚು ಬೇಕೇ ಬೇಕು. ದೀಪಾವಳಿಯ ಹೊತ್ತಿಗೆ ಹಿಂಗಾರು ಮಳೆ ಬರುವುದೂ ಉಂಟು. ರಾತ್ರಿ ಚಳಿಯಂತೂ ಖಚಿತ.

ದಾರಿ ಮತ್ತು ಬಸ್ಸು

ಹೊಳವನಹಳ್ಳಿಯಿಂದ ಬೆಟ್ಟಕ್ಕೆ ಹೆಚ್ಚು ಕಡಿಮೆ 300 ಕಿ.ಮೀ. ಕೊರಟಗೆರೆಗೆ ಬಂದು ಬೆಂಗಳೂರು ಸೇರುವುದು ಮೊದಲ ಘಟ್ಟ. ಬೆಂಗಳೂರಿನಿಂದ ಬೆಟ್ಟಕ್ಕೆ ಸುಮಾರು 210 ಕಿ.ಮೀ. ದೂರ, ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಹನೂರಿನ ಮೇಲೆ ದಾರಿ. ನೇರ ಸರ್ಕಾರಿ ಬಸ್ಸುಗಳಿವೆ. ಸಿಗದಿದ್ದರೆ ಕೊಳ್ಳೇಗಾಲಕ್ಕೆ ಬಂದುಬಿಡಿ. ಜಾತ್ರೆಯ ದಿನಗಳಲ್ಲಿ ಅಲ್ಲಿಂದ ವಿಶೇಷ ಬಸ್ಸುಗಳು ಓಡುತ್ತವೆ. ಕೊಳ್ಳೇಗಾಲಕ್ಕೆ ರೈಲಿಲ್ಲ ಎಂಬುದು ನೆನಪಿರಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಗುರುತಿನ ಚೀಟಿ ಕೈಯಲ್ಲಿರಬೇಕು, ಅಷ್ಟೆ. ತಾಯಂದಿರು, ಅಕ್ಕತಂಗಿಯರು ಜೊತೆಗೆ ಹೊರಡಲು ಇದು ಒಳ್ಳೆಯ ನೆಪ.

ಕೌದಳ್ಳಿ ದಾಟಿದ ಮೇಲೆ ತಾಳಬೆಟ್ಟ ಸಿಗುತ್ತದೆ. ಅಲ್ಲಿಂದ ಮೇಲೆ ಸುಮಾರು 20 ಕಿ.ಮೀ. ತಿರುವುಗಳದೇ ರಸ್ತೆ. ಹೊಟ್ಟೆ ತೊಳಸುವ ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಊಟ ಹನೂರಿನಲ್ಲೇ ಮಿತವಾಗಿ ಮುಗಿಸಿ. ಹರಕೆ ಹೊತ್ತವರು ತಾಳಬೆಟ್ಟದಿಂದ ನಡೆದೇ ಹತ್ತುತ್ತಾರೆ. ಶಿವರಾತ್ರಿಗೆ ಕನಕಪುರ ಸೀಮೆಯ ಭಕ್ತರು ಕಾವೇರಿಯನ್ನೇ ದಾಟಿ ಕಾಡಿನಲ್ಲಿ ನಡೆದು ಬರುವುದಿದೆ. ಅದು ಆ ದಾರಿ ಬಲ್ಲವರ, ಹಲವು ವರ್ಷ ನಡೆದವರ ಕೆಲಸ. ನಮ್ಮ ಹುಡುಗರು ಹುಮ್ಮಸ್ಸಿನಿಂದ ಅದನ್ನು ಅನುಕರಿಸುವುದು ಬೇಡ. ಜಾತ್ರೆಯ ದಿನಗಳಲ್ಲಿ ವಾಹನಗಳಿಗೆ, ಕಾಲುದಾರಿಗಳಿಗೆ ನಿರ್ಬಂಧ ಹಾಕುವುದುಂಟು. ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಬಸ್ಸೇ ಆಗಲಿ, ಕಾರೇ ಆಗಲಿ, ಕತ್ತಲಾಗುವ ಮೊದಲು ಬೆಟ್ಟ ಸೇರುವಂತೆ ಲೆಕ್ಕ ಹಾಕಿ.

ಮೇಲೆ ತಲುಪಿದ ಮೇಲೆ ವಾಹನದ ಅಗತ್ಯವಿಲ್ಲ. ದೇವಸ್ಥಾನ, ಸ್ನಾನದ ಅಂತರಗಂಗೆ, ದಾಸೋಹ, ಅಂಗಡಿ ಬೀದಿ ಎಲ್ಲವೂ ನಡಿಗೆಯ ಅಳತೆಯಲ್ಲೇ ಇವೆ. ನಾಗಮಲೆ ಮಾತ್ರ ದೂರ, ಕಾಡಿನೊಳಗಿನ ದಾರಿ. ಅರಣ್ಯ ಇಲಾಖೆಯ ಅನುಮತಿ ವಿಚಾರಿಸದೆ ಅತ್ತ ಕಾಲಿಡಬಾರದು.

ಮಲಗುವುದು ಎಲ್ಲಿ?

ಬೆಟ್ಟದ ಕ್ಷೇತ್ರಾಭಿವೃದ್ಧಿ ಪ್ರಾಧಿಕಾರದ ವಸತಿಗೃಹಗಳು, ಸಾಮೂಹಿಕ ತಂಗುದಾಣಗಳು ಇವೆ. ಬೇರೆ ದಿನಗಳಲ್ಲಿ ಕೋಣೆ ಸಿಕ್ಕೀತು. ಜಾತ್ರೆಯಲ್ಲಿ ಕೋಣೆ ನಂಬಿ ಹೋಗುವುದು ಬೇಡ. ಲಕ್ಷಗಟ್ಟಲೆ ಜನ ಸೇರುವ ಕಡೆ ಕೆಲವು ನೂರು ಕೋಣೆಗಳು ಯಾವ ಮೂಲೆಗೆ? ಬಹುಪಾಲು ಯಾತ್ರಿಕರು ಮಲಗುವುದು ತಂಗುದಾಣಗಳ ನೆಲದ ಮೇಲೆ, ದೇವಸ್ಥಾನದ ಸುತ್ತಲಿನ ಬಯಲಿನಲ್ಲಿ. ಇದನ್ನು ಕಷ್ಟವೆಂದು ತಿಳಿಯಬೇಡಿ. ಹಾಡು ಬರುವುದೇ ಈ ನೆಲದ ಮೇಲಿನ ಸಂಸಾರಗಳ ನಡುವೆ.

ಸಂಜೆ ನಾಲ್ಕರೊಳಗೆ ಜಾಗ ಹಿಡಿಯಿರಿ. ಊರಿಂದ ಬಂದ ಒಂದು ಗುಂಪು, ಹೆಂಗಸರು ಮಕ್ಕಳಿರುವ ಗುಂಪು, ಎಲ್ಲಿ ಚಾಪೆ ಹಾಸಿದೆಯೋ ಅದರ ಪಕ್ಕದಲ್ಲಿ ಕೇಳಿಕೊಂಡು ಹಾಸಿ. ಮಂಡ್ಯ, ಮೈಸೂರು ಸೀಮೆಯ ಒಕ್ಕಲು ಮಕ್ಕಳು ‘ಯಾವೂರು?’ ಎಂದು ಕೇಳದೆ ಇರುವುದಿಲ್ಲ. ಕೊರಟಗೆರೆ ಎಂದರೆ ‘ಅಷ್ಟು ದೂರದಿಂದಲಾ!’ ಎಂದು ಜಾಗವನ್ನೂ ಕೊಡುತ್ತಾರೆ, ಬುತ್ತಿಯನ್ನೂ ಬಿಚ್ಚುತ್ತಾರೆ. ನೀರಿನ ನಲ್ಲಿ ಮತ್ತು ಶೌಚಾಲಯ ಎಲ್ಲಿವೆ ಎಂದು ಬೆಳಕಿರುವಾಗಲೇ ನೋಡಿಟ್ಟುಕೊಳ್ಳಿ. ಡೇರೆ ಕೊಂಡೊಯ್ದು ಕಾಡಂಚಿನಲ್ಲಿ ಹೂಡುವ ಯೋಚನೆ ಬೇಡವೇ ಬೇಡ. ಅದು ಆನೆಗಳ ದಾರಿ, ಕಾನೂನಿಗೂ ವಿರುದ್ಧ. ಬೆಂಕಿ ಹಾಕುವುದೂ ಅಷ್ಟೇ.

ದಾಸೋಹದಲ್ಲಿ ಊಟ ಉಚಿತ, ಸಾಲು ಮಾತ್ರ ಉದ್ದ. ಒಂದು ಹೊತ್ತಿನ ಬುತ್ತಿ ಜೊತೆಗಿದ್ದರೆ ಹಾಡು ಬಿಟ್ಟು ಸಾಲಿನಲ್ಲಿ ನಿಲ್ಲುವ ತಾಪತ್ರಯವಿಲ್ಲ.

ಹಾಡು ಶುರುವಾದ ಮೇಲೆ

ಕಂಸಾಳೆ ಎಂದರೆ ಕಂಚಿನ ಒಂದು ಜೊತೆ ತಾಳ. ಎಡಗೈಯಲ್ಲಿ ಬಟ್ಟಲಿನಂಥದ್ದು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಟ್ಟೆ. ಬೀಸು ಕಂಸಾಳೆಯಲ್ಲಿ ತಟ್ಟೆಯನ್ನು ತಲೆಯ ಮೇಲೆ, ಬೆನ್ನ ಹಿಂದೆ ಬೀಸಿ ಬಟ್ಟಲಿಗೆ ತಾಗಿಸುವ ಚಮತ್ಕಾರವಿದೆ. ಮಕ್ಕಳು ಅದಕ್ಕೆ ಬೆರಗಾಗುತ್ತಾರೆ, ಆಗಲಿ. ಕತೆ ಹಾಡುವಾಗ ಮಾತ್ರ ಕೈ ಅಷ್ಟು ಆಡುವುದಿಲ್ಲ. ಮುಂದಾಳು ಹಾಡುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಜೊತೆಗೆ ದಮ್ಮಡಿ, ಏಕತಾರಿ. ನಡುನಡುವೆ ಹಾಡು ನಿಲ್ಲಿಸಿ ಆಡುಮಾತಿನಲ್ಲಿ ಕತೆ ಹೇಳಿ, ಕೇಳುಗರನ್ನು ನಗಿಸಿ, ಮತ್ತೆ ಹಾಡಿಗೆ ಜಾರುತ್ತಾರೆ. ಹೀಗೆ ಹಾಡುವವರು ದೇವರಗುಡ್ಡರು. ಗುರುವಿನಿಂದ ದೀಕ್ಷೆ ಪಡೆದು, ಮಾದಪ್ಪನ ಹೆಸರಿನಲ್ಲಿ ಭಿಕ್ಷೆ ಬೇಡುವ ವ್ರತ ಹಿಡಿದವರು. ಹಾಡು ಅವರಿಗೆ ಮನರಂಜನೆಯಲ್ಲ, ಸೇವೆ.

ಮಾದಪ್ಪನ ಕತೆ ಒಂದು ಮಹಾಕಾವ್ಯ. ಅದರ ಅಧ್ಯಾಯಗಳಿಗೆ ‘ಸಾಲು’ ಎಂದು ಹೆಸರು. ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು ಹೀಗೆ. ಪೂರ್ತಿ ಹಾಡಲು ಹಲವು ರಾತ್ರಿ ಬೇಕು. ಹೆಬ್ಬಣಿ ಮಾದಯ್ಯ ಮತ್ತು ತಂಡ ಹಾಡಿದ ಪಾಠದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿದೆ. ಓದುಬರಹದ ಹಂಗಿಲ್ಲದೆ ಬೆಳೆದ ಈ ಕಾವ್ಯ ಹೀಗೆ ಕನ್ನಡದ ಗಡಿಯನ್ನೂ ದಾಟಿತು.

ಮೊದಲ ಸಲ ಕೇಳುವವರು ಸಂಕಮ್ಮನ ಸಾಲು ಕೇಳಬೇಕು. ಸಂಕಮ್ಮ ಸೋಲಿಗರ ಹೆಣ್ಣು. ಗಂಡ ನೀಲೇಗೌಡ ಜೇನು, ಬೇಟೆ ಎಂದು ಕಾಡಿಗೆ ಹೊರಡುವಾಗ ಹೆಂಡತಿಯನ್ನು ನಂಬದೆ ಭಾಷೆ ಕೇಳುತ್ತಾನೆ. ಅವಳು ಒಪ್ಪುವುದಿಲ್ಲ. ತಪ್ಪೇ ಮಾಡದವಳು ಭಾಷೆ ಏಕೆ ಕೊಡಬೇಕು ಎಂಬುದು ಅವಳ ನಿಲುವು. ಹಿಂಸೆ ಕೊಟ್ಟು ಗುಡಿಸಲಿನಲ್ಲಿ ಕೂಡಿಹಾಕಿ ಹೋಗುತ್ತಾನೆ. ಅವಳ ಮೊರೆ ಕೇಳಿ ಮಾದಪ್ಪ ಬರುತ್ತಾನೆ, ಬಿಡಿಸುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಹುಟ್ಟಿದ ಕಾರಯ್ಯ, ಬಿಲ್ಲಯ್ಯ ದೇವರ ಮಕ್ಕಳಾಗುತ್ತಾರೆ. ನಡುರಾತ್ರಿಯಲ್ಲಿ ಸಂಕಮ್ಮನ ಅಳಲನ್ನು ಹಾಡುವಾಗ ಸುತ್ತ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಕಾಣಬಹುದು. ಹೆಣ್ಣಿನ ಮಾನ, ಗಂಡಿನ ಅನುಮಾನ ಎಂಬ ವಿಷಯವನ್ನು ಪಠ್ಯಪುಸ್ತಕದ ಪಾಠ ಇಷ್ಟು ಚೆನ್ನಾಗಿ ಹೇಳಬಲ್ಲದೇ?

ಕೇಳುವುದಕ್ಕೂ ಒಂದು ರೀತಿ ಇದೆ. ಪಾದರಕ್ಷೆ ಬಿಟ್ಟು ಕುಳಿತುಕೊಳ್ಳಿ. ನಡುವೆ ಎದ್ದು ಹೋಗಬೇಡಿ. ಮೊಬೈಲಿನಲ್ಲಿ ಚಿತ್ರೀಕರಿಸುವ ಮೊದಲು ಕೇಳಿ, ಮುಖಕ್ಕೆ ಬೆಳಕು ಬಿಡಬೇಡಿ. ಜೋಳಿಗೆಗೆ ಕೈಲಾದದ್ದು ಹಾಕಿ. ಅರ್ಥವಾಗದ ಮಾತನ್ನು ಬರೆದಿಟ್ಟುಕೊಂಡು ಬೆಳಿಗ್ಗೆ ವಿಚಾರಿಸಿ. ಆಗ ಹಾಡುಗಾರರು ಚಹಾ ಕುಡಿಯುತ್ತ ಬಿಡುವಾಗಿ ಸಿಗುತ್ತಾರೆ.

ಹೆತ್ತವರಿಗೆ ಒಂದು ಮಾತು

ಹೈಸ್ಕೂಲಿನ ಮಕ್ಕಳನ್ನು ತಾವಾಗಿಯೇ ಕಳುಹಿಸಬೇಡಿ, ಜೊತೆಯಲ್ಲಿ ಹೋಗಿ. ಕಾಲೇಜಿನವರಾದರೆ ನಾಲ್ಕೈದು ಜನರ ಗುಂಪು, ಅದರಲ್ಲಿ ಒಬ್ಬರಾದರೂ ಹಿರಿಯರು ಇರಲಿ. ಗುಂಪಿನವರು ತಪ್ಪಿಸಿಕೊಂಡರೆ ಸೇರಲು ಒಂದು ಜಾಗವನ್ನು ಮೊದಲೇ ಗೊತ್ತುಮಾಡಿ. ಜನಸಂದಣಿಯಲ್ಲಿ ಮೊಬೈಲ್ ಕೈಕೊಡುತ್ತದೆ. ಕಂಬಳಿ, ಚಾಪೆ, ಟಾರ್ಚು, ಸ್ಟೀಲಿನ ನೀರಿನ ಬಾಟಲಿ, ಮಳೆಗೆ ಒಂದು ಹಾಳೆ, ಮಾಮೂಲಿ ಔಷಧಿ ಇವಿಷ್ಟಿದ್ದರೆ ಸಾಕು. ಒಡವೆ ಮನೆಯಲ್ಲೇ ಇರಲಿ.

ಅಮಾವಾಸ್ಯೆಯ ಹಗಲು ಬೆಟ್ಟ ಸೇರಿ, ಆ ರಾತ್ರಿ ಹಾಡು ಕೇಳಿ, ಮರುದಿನ ಪಾಡ್ಯದ ತೇರು ನೋಡಿ. ತೇರು ನಿಂತ ಗಳಿಗೆಯಲ್ಲೇ ಬಸ್ಸಿಗೆ ಮುಗಿಬೀಳಬೇಡಿ. ಎಲ್ಲರೂ ಇಳಿಯುವ ಹೊತ್ತದು. ಇನ್ನೊಂದು ರಾತ್ರಿ ಉಳಿದು ಮೂರನೆಯ ದಿನ ಬೆಳಿಗ್ಗೆ ಹೊರಟರೆ ಸೀಟೂ ಸಿಗುತ್ತದೆ, ಇನ್ನೊಂದು ಸಾಲೂ ಕಿವಿಗೆ ಬೀಳುತ್ತದೆ.

ಬೆಟ್ಟದಿಂದ ಬಂದ ಮೇಲೆ ಮಾಡಬೇಕಾದ ಕೆಲಸವೊಂದಿದೆ. ಮಾದಪ್ಪನಂಥದೇ ಕಾವ್ಯ ನಮ್ಮ ಸೀಮೆಯಲ್ಲೂ ಇದೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆಯಿದೆ. ಕಾಡುಗೊಲ್ಲರ ವೀರ ಜುಂಜಪ್ಪನ ಕತೆಯನ್ನು ಹಾಡುವವರು, ಉದ್ದನೆಯ ಬಿದಿರಿನ ಗಣೆ ನುಡಿಸುವವರು ಗೊಲ್ಲರಹಟ್ಟಿಗಳಲ್ಲಿ ಇದ್ದಾರೆ. ಆದರೆ ಸಂಖ್ಯೆ ಕಡಿಮೆಯಾಗುತ್ತಿದೆ. ಅವರ ಮುಂದೆ ಕುಳಿತು ಕೇಳುವ ಹುಡುಗರು ಇನ್ನೂ ಕಡಿಮೆ. ಕೇಳುವವರಿದ್ದರೆ ಹಾಡುವವನ ಗಂಟಲು ಒಣಗುವುದಿಲ್ಲ. 300 ಕಿ.ಮೀ. ದೂರ ಹೋಗಿ ಒಂದು ರಾತ್ರಿ ಎಚ್ಚರವಿದ್ದು ಕೇಳಲು ಕಲಿತ ಮಗುವಿಗೆ ಪಕ್ಕದ ತಾಲ್ಲೂಕಿನ ಹಟ್ಟಿ ದೂರವೇನಲ್ಲ.